ನಾಟಿಂಗ್ ಹಿಲ್: ವಿಲಿಯಂ ಕೊನೆಗೆ ಮನಸ್ಸು ಬದಲಿಸಿದ್ದು ಕತೆಗೆ ಒಪ್ಪುತ್ತದೆಯೇ?

ಪ್ರಶ್ನೆ ಕೇಳಿದವರು: ಸಂಜೆಯಾಟ

ಎಲ್ಲರಿಗೂ ನಮಸ್ಕಾರ. 1999ರ ‘ನಾಟಿಂಗ್ ಹಿಲ್’ ಚಿತ್ರವನ್ನು ಬಹಳ ವರ್ಷಗಳ ಮೇಲೆ ಮತ್ತೆ ನೋಡಿದೆ. ಅದರ ಬೆನ್ನಲ್ಲೇ 1953ರ ‘ರೋಮನ್ ಹಾಲಿಡೇ’ಯನ್ನೂ ನೋಡಿದ್ದರಿಂದ ಎರಡೂ ಚಿತ್ರಗಳು ತಲೆಯಲ್ಲಿ ಒಂದನ್ನೊಂದು ಪ್ರಶ್ನಿಸುತ್ತ ಕುಳಿತಿವೆ. ಒಂದರಲ್ಲಿ ರಾಜಕುಮಾರಿ ಮತ್ತು ಸಾಮಾನ್ಯ ಪತ್ರಕರ್ತ ಒಂದು ದಿನ ಜೊತೆಗಿದ್ದು ಬೇರೆಯಾಗುತ್ತಾರೆ. ಇನ್ನೊಂದರಲ್ಲಿ ಹಾಲಿವುಡ್ ತಾರೆ ಆನಾ ಸ್ಕಾಟ್ ಮತ್ತು ಪ್ರವಾಸದ ಪುಸ್ತಕಗಳ ಅಂಗಡಿ ನಡೆಸುವ ವಿಲಿಯಂ ಥ್ಯಾಕರ್ ಮದುವೆಯಾಗುತ್ತಾರೆ. ಬೇರೆಯಾದವರ ಕತೆ ನಂಬಿಕೆ ಹುಟ್ಟಿಸಿತು, ಒಂದಾದವರ ಕತೆ ಅಷ್ಟಾಗಿ ಹುಟ್ಟಿಸಲಿಲ್ಲ. ದುಃಖದಲ್ಲಿ ಮುಗಿದದ್ದೇ ದೊಡ್ಡ ಕೃತಿ ಎಂಬ ಹಳೆಯ ಹುಚ್ಚು ನನಗಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ತಕರಾರು ಒಂದು ನಿರ್ದಿಷ್ಟ ಜಾಗದಲ್ಲಿದೆ. ಚಿತ್ರದ ಕೊನೆಯ ಭಾಗದಲ್ಲಿ ಆನಾ ತಾನಾಗಿಯೇ ಅಂಗಡಿಗೆ ಬಂದು, ಚಿತ್ರಕಲಾವಿದ ಮಾರ್ಕ್ ಶಗಾಲ್‌ನ ವರ್ಣಚಿತ್ರವೊಂದನ್ನು ಉಡುಗೊರೆಯಾಗಿ ಕೊಟ್ಟು, ಯಾವ ಬಿಗುಮಾನವೂ ಇಲ್ಲದೆ ತನ್ನನ್ನು ಪ್ರೀತಿಸುವಂತೆ ಕೇಳುತ್ತಾಳೆ. ವಿಲಿಯಂ ಒಲ್ಲೆ ಎನ್ನುತ್ತಾನೆ. ಇನ್ನೊಮ್ಮೆ ಅವಳು ತನ್ನನ್ನು ಬಿಟ್ಟುಹೋದರೆ ಚೇತರಿಸಿಕೊಳ್ಳಲಾರೆ, ಅವಳ ಮುಖವೋ ಊರಿನ ಪ್ರತಿಯೊಂದು ಗೋಡೆಯ ಮೇಲೂ ಇರುತ್ತದೆ ಎಂಬುದು ಅವನ ಕಾರಣ. ಇದು ಪ್ರೌಢ ಮನುಷ್ಯನೊಬ್ಬ ತನ್ನ ಅಳತೆಯನ್ನು ತಾನೇ ತಿಳಿದು ಆಡಿದ ಮಾತು ಎಂದು ನನಗನ್ನಿಸಿತು. ಆದರೆ ಅದಾಗಿ ಸ್ವಲ್ಪ ಹೊತ್ತಿಗೆ, ಅರ್ಧ ಬಟ್ಟೆಯಲ್ಲೇ ಓಡಾಡುವ ಅವನ ಮನೆಯ ಜೊತೆಗಾರ ಸ್ಪೈಕ್ ಒಂದು ಬೈಗುಳ ಬೈದೊಡನೆ ಅವನು ಗೆಳೆಯರ ಕಾರು ಹತ್ತಿ ಲಂಡನ್ನಿನ ತುಂಬ ಅವಳನ್ನು ಹುಡುಕುತ್ತ ಓಡುತ್ತಾನೆ. ಅಷ್ಟು ಯೋಚಿಸಿ ಹೇಳಿದ ಮಾತು ಒಂದು ಬೈಗುಳಕ್ಕೆ ಬಿದ್ದುಹೋಗುವುದಾದರೆ ಆ ಮಾತಿನ ತೂಕವೇನು? ಪ್ರಣಯ ಹಾಸ್ಯ ಚಿತ್ರವಾದ್ದರಿಂದ ಒಂದಾಗಲೇಬೇಕು ಎಂಬ ಕಟ್ಟಳೆಗೆ ಚಿತ್ರಕತೆ ಬರೆದ ರಿಚರ್ಡ್ ಕರ್ಟಿಸ್ ತಲೆಬಾಗಿದರೇ, ಅಥವಾ ಕತೆಯೊಳಗೇ ಈ ತಿರುವಿಗೆ ಕಾರಣವಿದೆಯೇ? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ಕಡೆಯ ಸಾಲು

ಸಂಜೆಯಾಟ ಅವರೇ, ಎರಡು ಚಿತ್ರಗಳನ್ನೂ ಒಟ್ಟಿಗೆ ನೋಡಿದ ಮೇಲೂ ನಿಮಗೆ ಆ ತಿರುವು ಆಕಸ್ಮಿಕವೆನಿಸಿದ್ದು ನನಗೆ ಆಶ್ಚರ್ಯ. ಎರಡೂ ಚಿತ್ರಗಳು ಪತ್ರಿಕಾಗೋಷ್ಠಿಯಲ್ಲಿ ಮುಗಿಯುತ್ತವೆ ಎಂಬುದನ್ನು ನೀವು ಗಮನಿಸಿಯೇ ಇರುತ್ತೀರಿ. ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ.

ಹೆಸರುವಾಸಿಯಾದ ಹೆಣ್ಣೊಬ್ಬಳ ಹತ್ತಿರಕ್ಕೆ ಸಾಮಾನ್ಯ ಮನುಷ್ಯನಿಗೆ ದಾರಿ ಯಾವುದು? ಎರಡೂ ಚಿತ್ರಗಳು ಕೊಡುವ ಉತ್ತರ ಒಂದೇ, ಪತ್ರಿಕೆಯವರ ಬಾಗಿಲು. ‘ರೋಮನ್ ಹಾಲಿಡೇ’ಯ ಜೋ ನಿಜವಾಗಿ ಅಮೆರಿಕದ ಸುದ್ದಿಸಂಸ್ಥೆಯ ವರದಿಗಾರ. ರಾಜಕುಮಾರಿಯ ಸಂದರ್ಶನವಿದ್ದ ದಿನ ನಿದ್ದೆ ಹೋಗಿ ತಪ್ಪಿಸಿಕೊಂಡವನು, ಕಚೇರಿಗೆ ಬಂದು ಸಂದರ್ಶನ ಮುಗಿಸಿಕೊಂಡೇ ಬಂದೆನೆಂದು ಸಂಪಾದಕನ ಮುಂದೆ ಬೊಗಳೆ ಬಿಡುತ್ತಾನೆ; ಆ ಕಾರ್ಯಕ್ರಮವೇ ರದ್ದಾಗಿದೆ ಎಂಬುದು ಅವನಿಗೆ ಗೊತ್ತಿಲ್ಲ. ರಾಜಕುಮಾರಿಗೆ ಹುಷಾರಿಲ್ಲವೆಂಬ ಸುದ್ದಿಯ ಜೊತೆಗಿನ ಚಿತ್ರ ಕಣ್ಣಿಗೆ ಬಿದ್ದಾಗಲೇ, ರಾತ್ರಿ ಬೀದಿಯಲ್ಲಿ ಸಿಕ್ಕಿ ಈಗ ತನ್ನ ಕೋಣೆಯಲ್ಲಿ ಮಲಗಿರುವ ಹುಡುಗಿ ಯಾರೆಂದು ಅವನಿಗೆ ಹೊಳೆಯುವುದು. ಆಮೇಲೆ ಅವನು ತಾನು ಗೊಬ್ಬರ, ರಾಸಾಯನಿಕ ಮಾರುವವನೆಂದು ಅವಳಿಗೆ ಸುಳ್ಳು ಹೇಳುತ್ತಾನೆ. ಅವಳೂ ಶಾಲೆಯಿಂದ ಓಡಿಬಂದವಳೆಂದು ಅವನಿಗೆ ಸುಳ್ಳು ಹೇಳುತ್ತಾಳೆ. ಗೆಳೆಯ ಇರ್ವಿಂಗ್ ಸಿಗರೇಟು ಹಚ್ಚುವ ಲೈಟರಿನೊಳಗೆ ಅಡಗಿಸಿದ ಕ್ಯಾಮೆರಾದಿಂದ ಇಡೀ ದಿನ ಅವಳ ಚಿತ್ರ ತೆಗೆಯುತ್ತಾನೆ. ಎಂದರೆ ಇದು ಪತ್ರಕರ್ತನೊಬ್ಬ ತಾನು ಪತ್ರಕರ್ತನಲ್ಲವೆಂದು ನಟಿಸುವ ಕತೆ.

‘ನಾಟಿಂಗ್ ಹಿಲ್’ ಇದನ್ನು ತಿರುವಿಹಾಕುತ್ತದೆ. ಆನಾ ಕರೆದಳೆಂದು ರಿಟ್ಜ್ ಹೋಟೆಲಿಗೆ ಹೂವು ಹಿಡಿದು ಹೋದ ವಿಲಿಯಂಗೆ ಅಲ್ಲಿ ಕಾಣುವುದು ಹೊಸ ಚಿತ್ರದ ಪ್ರಚಾರಕ್ಕಾಗಿ ಸರದಿಯಲ್ಲಿ ಕುಳಿತ ಪತ್ರಕರ್ತರು. ಯಾವ ಪತ್ರಿಕೆಯವರೆಂದು ಕೇಳಿದಾಗ, ಎದುರಿಗಿದ್ದ ಪತ್ರಿಕೆಗಳ ರಾಶಿಯಲ್ಲಿ ಕಣ್ಣಿಗೆ ಬಿದ್ದ ‘ಹಾರ್ಸ್ ಅಂಡ್ ಹೌಂಡ್’ ಎಂಬ ಹೆಸರನ್ನು ಹೇಳಿಬಿಡುತ್ತಾನೆ. ಅದು ಕುದುರೆ ಸವಾರಿ ಮತ್ತು ಬೇಟೆನಾಯಿಗಳ ಲೋಕಕ್ಕೆ ಮೀಸಲಾದ, 1884ರಿಂದ ನಡೆದುಬಂದಿರುವ ನಿಜವಾದ ಪತ್ರಿಕೆ. ಆನಾಳ ಚಿತ್ರವೋ ಬಾಹ್ಯಾಕಾಶದಲ್ಲಿ ನಡೆಯುವಂಥದ್ದು. ಅದನ್ನು ನೋಡಿಯೇ ಇಲ್ಲದ ವಿಲಿಯಂ ಅದರಲ್ಲಿ ಕುದುರೆಗಳಿವೆಯೇ ಎಂದು ಕೇಳಬೇಕಾಗುತ್ತದೆ. ಅಲ್ಲಿಂದ ತಪ್ಪಿಸಿಕೊಳ್ಳುವಷ್ಟರಲ್ಲಿ ಪ್ರಚಾರದವರು ಅವನನ್ನು ಉಳಿದ ಕಲಾವಿದರ ಕೋಣೆಗಳಿಗೂ ಸಾಗಿಸುತ್ತಾರೆ. ಚಿತ್ರದ ಅತ್ಯಂತ ನಗೆ ಹುಟ್ಟಿಸುವ ಭಾಗ ಇದೇ ಎಂದು ನನ್ನ ಎಣಿಕೆ. ಹಾಸ್ಯದ ಬೇರು ಇರುವುದು ಅವನ ಪೆದ್ದುತನದಲ್ಲಲ್ಲ. ಒಬ್ಬ ಗಂಡಸು ತಾನು ಮೆಚ್ಚಿದ ಹೆಣ್ಣನ್ನು ನೋಡಲು ಬಂದಿದ್ದೇನೆ ಎಂದು ಹೇಳುವುದಕ್ಕೆ ಆ ಕಟ್ಟಡದಲ್ಲಿ ಜಾಗವೇ ಇಲ್ಲದಿರುವುದರಲ್ಲಿ.

ಇದಾದ ಮೇಲೆ ವಿಲಿಯಂ ಅವಳ ಲೋಕಕ್ಕೆ ಕಾಲಿಟ್ಟಾಗಲೆಲ್ಲ ಇನ್ನೊಬ್ಬರ ಕೆಲಸದ ವೇಷ ಹಾಕಿಕೊಳ್ಳಬೇಕಾಗುವುದನ್ನು ಗಮನಿಸಿ. ಹೋಟೆಲ್ ಕೋಣೆಯಲ್ಲಿ ಅವಳ ಗೆಳೆಯ, ಅವನೂ ದೊಡ್ಡ ನಟ, ಅನಿರೀಕ್ಷಿತವಾಗಿ ಎದುರಾದಾಗ ವಿಲಿಯಂ ತಾನು ಊಟ ತಂದುಕೊಡುವ ಸಿಬ್ಬಂದಿಯೆಂದು ಹೇಳಿಕೊಂಡು, ಎಂಜಲು ತಟ್ಟೆಗಳನ್ನು ಎತ್ತಬೇಕಾಗುತ್ತದೆ. ಹ್ಯಾಂಪ್‌ಸ್ಟೆಡ್ಡಿನ ಕೆನ್‌ವುಡ್ ಭವನದಲ್ಲಿ ಚಿತ್ರೀಕರಣ ನೋಡಲು ಹೋದಾಗ ಧ್ವನಿಮುದ್ರಣದವರ ಪಕ್ಕ ಕುಳಿತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಅವಳು ಸಹನಟನಿಗೆ ತನ್ನ ಬಗ್ಗೆ ಉದಾಸೀನದಿಂದ ಹೇಳುವ ಮಾತನ್ನು ಕೇಳಿಸಿಕೊಳ್ಳುತ್ತಾನೆ. ಅವನು ಅವನಾಗಿಯೇ ಇರುವುದು ತನ್ನ ಅಂಗಡಿಯಲ್ಲಿ ಮಾತ್ರ. ಮೊದಲ ಭೇಟಿಯಲ್ಲಿ ಟರ್ಕಿಯ ಬಗ್ಗೆ ಅವಳು ಕೈಗೆತ್ತಿಕೊಂಡ ಪುಸ್ತಕ ಅಷ್ಟಕ್ಕಷ್ಟೆ, ಇನ್ನೊಂದನ್ನು ಬರೆದವರಾದರೆ ನಿಜಕ್ಕೂ ಆ ದೇಶಕ್ಕೆ ಹೋಗಿಬಂದವರು ಎಂದು ಹೇಳುವ ಧೈರ್ಯ ಅವನಿಗೆ ಬರುವುದು ಆ ಕಪಾಟುಗಳ ನಡುವೆ ನಿಂತಾಗಲೇ.

ಹೀಗಾಗಿ ನೀವು ಮೆಚ್ಚಿದ ಆ ನಿರಾಕರಣೆಯೂ ಅಂಗಡಿಯಲ್ಲೇ ನಡೆಯುವುದು ಸಹಜ. ಅದು ಅವನ ನೆಲ, ಅಲ್ಲಿ ಅವನ ಮಾತು ನಡೆಯುತ್ತದೆ. ಆದರೆ ಅವಳು ಅವನನ್ನು ನೋಯಿಸಿದ್ದು ಆ ನೆಲದಲ್ಲಲ್ಲ. ಬಾಯಿ ಬಿಗಿಯಿಲ್ಲದ ಆ ಸಹನಟನ ಮುಂದೆ ನನ್ನ ಬದುಕಿನ ನಿಜ ಹೇಳಲು ಸಾಧ್ಯವಿತ್ತೇ ಎಂದು ಆನಾ ಅಂಗಡಿಯಲ್ಲಿ ವಿವರಿಸುತ್ತಾಳೆ. ಅದು ಸರಿಯಾದ ವಿವರಣೆಯೇ. ಆದರೂ ನಾಲ್ಕು ಜನರ ಮುಂದೆ ಅವಳು ಅವನನ್ನು ಇಲ್ಲವೆಂದಿದ್ದಾಳೆ. ಅದನ್ನು ನಾಲ್ಕು ಗೋಡೆಗಳ ನಡುವೆ ಸರಿಪಡಿಸಲು ಬರುವುದಿಲ್ಲ. ಆದ್ದರಿಂದಲೇ ಕತೆ ಸವಾಯ್ ಹೋಟೆಲಿನ ಪತ್ರಿಕಾಗೋಷ್ಠಿಗೆ ಹೋಗಲೇಬೇಕು. ಅಲ್ಲಿ ವಿಲಿಯಂ ಮತ್ತೆ ಅದೇ ಕುದುರೆ ಪತ್ರಿಕೆಯ ವರದಿಗಾರನೆಂದು ಹೇಳಿಕೊಂಡು ಎದ್ದು ನಿಲ್ಲುತ್ತಾನೆ. ಥ್ಯಾಕರ್ ಎಂಬಾತ ತಾನು ಮೂರ್ಖನೆಂದು ಅರಿತು ಮಂಡಿಯೂರಿ ಬೇಡಿಕೊಂಡರೆ ತಾವು ಮರಳಿ ಯೋಚಿಸುವಿರಾ ಎಂದು ತನ್ನ ಬಗ್ಗೆ ತಾನೇ ಮೂರನೆಯವನಂತೆ ಕೇಳುತ್ತಾನೆ. ಮೊದಲ ಸಲ ಸುಳ್ಳು ವೇಷದಲ್ಲಿ ಸುಳ್ಳು ಪ್ರಶ್ನೆ ಕೇಳಿದವನು, ಈ ಸಲ ಅದೇ ವೇಷದಲ್ಲಿ ನಿಜವಾದ ಪ್ರಶ್ನೆ ಕೇಳುತ್ತಾನೆ. ಅವಳೂ ನೇರವಾಗಿ ಅವನಿಗೆ ಉತ್ತರಿಸಿ ಮುಗಿಸುವುದಿಲ್ಲ. ಬ್ರಿಟನ್ನಿನಲ್ಲಿ ಎಷ್ಟು ದಿನ ಇರುತ್ತೀರೆಂದು ಆಗಲೇ ಕೇಳಿ ಉತ್ತರ ಪಡೆದಿದ್ದ ಇನ್ನೊಬ್ಬ ಪತ್ರಕರ್ತನಿಂದ ಅದೇ ಪ್ರಶ್ನೆಯನ್ನು ಮತ್ತೆ ಕೇಳಿಸಿ, ಕಾಲಮಿತಿಯೇ ಇಲ್ಲವೆನ್ನುತ್ತಾಳೆ. ಇಡೀ ಸಭಾಂಗಣಕ್ಕೆ ಅದು ಸುದ್ದಿ, ಒಬ್ಬನಿಗೆ ಮಾತ್ರ ಉತ್ತರ.

ಸ್ಪೈಕನ ಬೈಗುಳ ಅವನನ್ನು ಎಬ್ಬಿಸಿತು, ಅಷ್ಟೇ. ಎಲ್ಲಿಗೆ ಓಡಬೇಕು, ಓಡಿಹೋಗಿ ಏನು ಮಾಡಬೇಕು ಎಂಬುದನ್ನು ಕತೆ ರಿಟ್ಜ್ ಹೋಟೆಲಿನಲ್ಲೇ ಬಿತ್ತಿಟ್ಟಿತ್ತು.

ಉತ್ತರ: ತೆರೆಮರೆ

ಕಡೆಯ ಸಾಲು ಅವರ ವಿಶ್ಲೇಷಣೆ ಅಚ್ಚುಕಟ್ಟಾಗಿದೆ, ಆದರೆ ಇಬ್ಬರೂ ಸೇರಿ ಇಡೀ ಕತೆಯನ್ನು ವಿಲಿಯಂನ ಕಡೆಯಿಂದಲೇ ಓದುತ್ತಿದ್ದೀರಿ. ಅವನ ನಿರಾಕರಣೆಯನ್ನು ಪ್ರೌಢತೆ ಎಂದು ಸಂಜೆಯಾಟ ಅವರು ಕರೆದಿರುವುದನ್ನು ನಾನು ಒಪ್ಪುವುದಿಲ್ಲ. ನನಗದು ಜಂಬದಂತೆ ಕಂಡಿತು. ವಿನಯದ ಬಟ್ಟೆ ತೊಟ್ಟ ಜಂಬ.

ಆನಾಳ ಸ್ಥಿತಿ ಏನೆಂಬುದನ್ನು ಚಿತ್ರ ಎರಡು ದೃಶ್ಯಗಳಲ್ಲಿ ಬಹಳ ಸ್ಪಷ್ಟವಾಗಿ ಹೇಳಿದೆ. ಮೊದಲನೆಯದು ವಿಲಿಯಂನ ತಂಗಿ ಹನಿಯ ಹುಟ್ಟುಹಬ್ಬದ ಊಟ. ಅಲ್ಲಿ ಷೇರು ವ್ಯವಹಾರದ ಕೆಲಸದಲ್ಲಿರುವ ಬರ್ನಿ ಅವಳು ಯಾರೆಂದೇ ತಿಳಿಯದೆ, ನಟರ ಸಂಪಾದನೆ ಬಹಳ ಕಡಿಮೆಯಂತಲ್ಲ ಎಂದು ಮರುಗಿ, ಹಿಂದಿನ ಚಿತ್ರಕ್ಕೆ ಎಷ್ಟು ಸಿಕ್ಕಿತೆಂದು ಕೇಳುತ್ತಾನೆ. ಒಂದೂವರೆ ಕೋಟಿ ಡಾಲರ್ ಎಂದು ಅವಳು ಹೇಳುವ ರೀತಿಯಲ್ಲಿ ಹೆಮ್ಮೆಯೂ ಇಲ್ಲ, ಸಂಕೋಚವೂ ಇಲ್ಲ. ಊಟವಾದ ಮೇಲೆ ಉಳಿದ ಒಂದೇ ಒಂದು ತುಂಡು ಬ್ರೌನಿ ಯಾರಿಗೆಂದರೆ ಎಲ್ಲರಿಗಿಂತ ಹೆಚ್ಚು ಸೋತವರಿಗೆ ಎಂದು ಪಂದ್ಯವಾಗುತ್ತದೆ. ಕೆಲಸದಲ್ಲಿ ಮೇಲೆ ಬಾರದವನು, ಮದುವೆಯಾಗದವಳು, ಗಾಲಿಕುರ್ಚಿಯಲ್ಲಿ ಕುಳಿತ ಬೆಲ್ಲಾ, ಎಲ್ಲರೂ ತಮ್ಮ ತಮ್ಮ ಲೆಕ್ಕ ಒಪ್ಪಿಸುತ್ತಾರೆ. ಆನಾಳನ್ನು ಬಿಟ್ಟುಬಿಡಬೇಕೆಂದು ಅವರು ಹೊರಟಾಗ ಅವಳೂ ತನ್ನ ಪಾಲು ಕೇಳುತ್ತಾಳೆ. ವರ್ಷಗಟ್ಟಲೆ ಹೊಟ್ಟೆಗೆ ತಿನ್ನದೆ ಕಾಪಾಡಿಕೊಂಡ ಮೈ, ಮುಖಕ್ಕೆ ಮಾಡಿಸಿಕೊಂಡ ಶಸ್ತ್ರಚಿಕಿತ್ಸೆ, ಮನಸ್ಸು ಮುರಿದಾಗಲೆಲ್ಲ ಅದನ್ನು ಮನರಂಜನೆಯಂತೆ ಮಾರುವ ಪತ್ರಿಕೆಗಳು, ಒಂದು ದಿನ ರೂಪ ಹೋದಾಗ ನಟನೆಯೂ ಬರುತ್ತಿರಲಿಲ್ಲವೆಂದು ಎಲ್ಲರಿಗೂ ಗೊತ್ತಾಗುವ ಭಯ. ಮೇಜಿನ ಸುತ್ತ ಒಂದು ಗಳಿಗೆ ಮೌನವಾಗುತ್ತದೆ. ಆಮೇಲೆ ಒಳ್ಳೆಯ ಪ್ರಯತ್ನ, ಆದರೆ ಬ್ರೌನಿ ಸಿಗುವುದಿಲ್ಲ ಎಂದು ನಕ್ಕುಬಿಡುತ್ತಾರೆ. ಆ ನಗುವಿನಲ್ಲಿ ಅವಳನ್ನು ತಮ್ಮವಳನ್ನಾಗಿ ಸೇರಿಸಿಕೊಂಡದ್ದೂ ಇದೆ, ಅವಳ ಮಾತನ್ನು ಪೂರ್ತಿ ನಂಬದಿದ್ದದ್ದೂ ಇದೆ. ಈ ಚಿತ್ರದಲ್ಲಿ ನನಗೆ ಬಹಳ ಇಷ್ಟವಾದ ಬರವಣಿಗೆ ಇದು.

ಎರಡನೆಯದು ಬಾಗಿಲಿನ ದೃಶ್ಯ. ಹೆಸರಾಗುವ ಮುನ್ನ ಹಣದ ಕಷ್ಟದಲ್ಲಿ ತೆಗೆಸಿಕೊಂಡ ನಗ್ನ ಛಾಯಾಚಿತ್ರಗಳು ಪತ್ರಿಕೆಗೆ ಸಿಕ್ಕಿ, ಅವಳು ವಿಲಿಯಂನ ಮನೆಯಲ್ಲಿ ಅಡಗಿಕೊಳ್ಳುತ್ತಾಳೆ. ಸ್ಪೈಕ್ ಪಬ್ಬಿನಲ್ಲಿ ಬಾಯಿಬಿಟ್ಟದ್ದರಿಂದ ಬೆಳಿಗ್ಗೆ ಬೀದಿಯ ತುಂಬ ಛಾಯಾಗ್ರಾಹಕರು. ಇವತ್ತಿನ ಪತ್ರಿಕೆ ನಾಳೆ ಕಸದ ಬುಟ್ಟಿಗೆ ಎಂದು ವಿಲಿಯಂ ಸಮಾಧಾನ ಹೇಳುತ್ತಾನೆ. ಆನಾ ಕೆರಳುತ್ತಾಳೆ: ಕಸದ ಬುಟ್ಟಿಗಲ್ಲ, ಕಡತಕ್ಕೆ; ಇನ್ನು ಮುಂದೆ ನನ್ನ ಬಗ್ಗೆ ಯಾರು ಏನು ಬರೆದರೂ ಆ ಕಡತ ತೆಗೆದು ಈ ಚಿತ್ರವನ್ನು ಮತ್ತೆ ಅಚ್ಚು ಹಾಕುತ್ತಾರೆ ಎಂಬ ಅರ್ಥದಲ್ಲಿ. ಕಡತವೆಂದರೆ ಪತ್ರಿಕಾಲಯದ ಕಪಾಟಿನಲ್ಲಿದ್ದ ಕಾಗದದ ಕಟ್ಟು ಎಂಬ ಕಾಲದ ಮಾತು ಇದು. ಅವಳು ಹೇಳಿದ್ದು ಎಷ್ಟು ಸರಿಯೆಂಬುದು ಈಗ ಸಾಮಾನ್ಯ ಹುಡುಗಿಯರಿಗೂ ಗೊತ್ತಾಗಿದೆ.

ಇಷ್ಟೆಲ್ಲ ತಿಳಿದ ಮೇಲೂ ವಿಲಿಯಂ ಅಂಗಡಿಯಲ್ಲಿ ಲೆಕ್ಕ ಹಾಕುವುದು ತನಗಾಗಬಹುದಾದ ನೋವನ್ನು ಮಾತ್ರ. ಕಳೆದುಕೊಳ್ಳುವುದಕ್ಕೆ ಹೆಚ್ಚು ಇರುವುದು ಯಾರಿಗೆ? ಅವನನ್ನು ನಂಬಿ ಬಂದು ಅವಳು ಇನ್ನೊಮ್ಮೆ ಸೋತರೆ ಅದು ಎರಡು ದೇಶಗಳಲ್ಲಿ ಮುಖಪುಟವಾಗುತ್ತದೆ; ಅವನು ಸೋತರೆ ಗೆಳೆಯರ ಮನೆಯಲ್ಲಿ ಊಟ ಸಿಗುತ್ತದೆ. ಖ್ಯಾತಿ ಯಾರ ಬಳಿ ಇದೆಯೋ ಅವರದೇ ಮೇಲುಗೈ ಎಂದು ನಾವು ಸುಲಭವಾಗಿ ಭಾವಿಸುತ್ತೇವೆ. ಆ ಅಂಗಡಿಯಲ್ಲಿ ಮೇಲುಗೈ ಇದ್ದದ್ದು ಅವನದು, ಮತ್ತು ಅವನು ಅದನ್ನು ಬಳಸಿಕೊಂಡ. ಗೆಳೆಯರೆಲ್ಲ ಉಪಚಾರಕ್ಕೆ ನೀನು ಮಾಡಿದ್ದು ಸರಿಯೆಂದು ತಲೆಯಾಡಿಸುವಾಗ ಸ್ಪೈಕ್ ಒಬ್ಬನೇ ಅಲ್ಲವೆನ್ನುತ್ತಾನೆ, ಏಕೆಂದರೆ ಆ ಗುಂಪಿನಲ್ಲಿ ಮಾನದ ಚಿಂತೆ ಇಲ್ಲದವನು ಅವನೊಬ್ಬನೇ. ಹಾಗಾಗಿ ಬೈಗುಳಕ್ಕೆ ಬಿದ್ದುಹೋದದ್ದು ತೂಕದ ಮಾತಲ್ಲ, ಮೊದಲಿನಿಂದಲೂ ಟೊಳ್ಳಾಗಿದ್ದ ಮಾತು.

ಉತ್ತರ: ಮಧ್ಯಂತರ

ಇಲ್ಲಿ ಯಾರೂ ಎತ್ತದ ಒಂದು ವಿಷಯವಿದೆ. ವಿಲಿಯಂ ಆನಾಳ ಅಭಿಮಾನಿಯಲ್ಲ. ಅವಳನ್ನು ತೆರೆಯ ಮೇಲೆ ನೋಡಿ ಬಲ್ಲ, ಚೆಲುವೆಯೆಂದು ಬಲ್ಲ, ಆದರೆ ಹಸ್ತಾಕ್ಷರ ಕೇಳುವುದಿಲ್ಲ. ಅದೇ ಮೊದಲ ದೃಶ್ಯದಲ್ಲಿ ಹಸ್ತಾಕ್ಷರ ಕೇಳುವವನು ಯಾರು? ಪುಸ್ತಕವನ್ನು ಪ್ಯಾಂಟಿನೊಳಗೆ ಸೇರಿಸಿಕೊಂಡು ಸಿಕ್ಕಿಬಿದ್ದ ಕಳ್ಳ! ಅವಳು ಬರೆದುಕೊಟ್ಟದ್ದು ನೀನು ಜೈಲಿನಲ್ಲಿರಬೇಕಾದವನು ಎಂದು. ಅವನು ಅದನ್ನೂ ಸಂತೋಷದಿಂದ ತೆಗೆದುಕೊಂಡು, ನನ್ನ ಫೋನ್ ನಂಬರ್ ಬೇಕೇ ಎಂದು ಕೇಳುತ್ತಾನೆ. ಅಭಿಮಾನಿಯನ್ನೂ ಪ್ರೇಮಿಯನ್ನೂ ಚಿತ್ರ ಅಲ್ಲಿಯೇ ಬೇರ್ಪಡಿಸಿ ನಿಲ್ಲಿಸಿದೆ.

ನಮ್ಮ ದೇಶದ ಚಿತ್ರಗಳಲ್ಲಿ ಈ ವಿಷಯ ಬಂದಾಗ ಸಾಮಾನ್ಯ ವ್ಯಕ್ತಿ ಮೊದಲಿಗೆ ಅಭಿಮಾನಿಯೇ ಆಗಿರಬೇಕಾಗುತ್ತದೆ. ಹೃಷಿಕೇಶ್ ಮುಖರ್ಜಿಯವರ 1971ರ ‘ಗುಡ್ಡಿ’ಯನ್ನು ನೆನಪಿಸಿಕೊಳ್ಳಿ. ಜಯಾ ಭಾದುರಿ ಅಭಿನಯಿಸಿದ ಶಾಲಾ ಹುಡುಗಿ ನಟ ಧರ್ಮೇಂದ್ರ ಅವರನ್ನು ಪ್ರೀತಿಸುತ್ತಾಳೆ. ಧರ್ಮೇಂದ್ರ ಅವರೇ ತಾವಾಗಿ ಆ ಚಿತ್ರದಲ್ಲಿದ್ದಾರೆ. ಅಲ್ಲಿ ಪ್ರಶ್ನೆ ಇಬ್ಬರೂ ಒಂದಾಗುತ್ತಾರೆಯೇ ಎಂಬುದಲ್ಲ, ಹುಡುಗಿಗೆ ಹಿಡಿದದ್ದು ಬಿಡುತ್ತದೆಯೇ ಎಂಬುದು. ಮನೆಯ ಹಿರಿಯರೊಬ್ಬರು ನಟನ ಸಹಾಯವನ್ನೇ ಪಡೆದು, ಸ್ಟುಡಿಯೋದ ಒಳಗಿನ ದುಡಿಮೆಯನ್ನೂ ಬಣ್ಣದ ಹಿಂದಿನ ಬಡತನವನ್ನೂ ಅವಳಿಗೆ ತೋರಿಸಿ, ಕಣ್ಣು ತೆರೆಸುತ್ತಾರೆ. ಪ್ರೀತಿ ಇಲ್ಲಿ ವಾಸಿಮಾಡಬೇಕಾದ ಜ್ವರ. ಎಷ್ಟೇ ಮೃದುವಾಗಿ ಹೇಳಿದ್ದರೂ ಚಿತ್ರ ನಿಂತಿರುವುದು ಹಿರಿಯರ ಪಕ್ಷದಲ್ಲಿ.

ಕನ್ನಡದಲ್ಲಿ ನಾವು ಇನ್ನೂ ಒಂದು ಹೆಜ್ಜೆ ಮುಂದೆ. ಡಾ. ರಾಜ್‌ಕುಮಾರ್ ತಮ್ಮ ಪ್ರೇಕ್ಷಕರನ್ನು ಅಭಿಮಾನಿ ದೇವರುಗಳೆಂದು ಕರೆದರು, ಅಭಿಮಾನಿಗಳು ಅವರ ಚಿತ್ರಕ್ಕೆ ಹಾಲೆರೆದು ಆರತಿ ಎತ್ತಿದರು. ಎರಡೂ ಕಡೆಯಿಂದ ಕೈಮುಗಿದು ನಿಂತವರ ನಡುವೆ ಸರಸ ಸಲ್ಲಾಪಕ್ಕೆ ಜಾಗವೆಲ್ಲಿ? ಕೈಯಲ್ಲಿದ್ದ ಕಿತ್ತಳೆ ಹಣ್ಣಿನ ರಸವನ್ನು ಬೀದಿಯ ತಿರುವಿನಲ್ಲಿ ತಾರೆಯ ಮೈಮೇಲೆ ಚೆಲ್ಲಿ, ಮನೆ ಎದುರಿಗೇ ಇದೆ, ಬಂದು ಬಟ್ಟೆ ಬದಲಿಸಿ ಎಂದು ಕರೆಯುವವನನ್ನು ನಮ್ಮಲ್ಲಿ ಊಹಿಸಿಕೊಳ್ಳಿ. ಆ ಮಾತು ಮುಗಿಯುವ ಮೊದಲೇ ಸುತ್ತಲಿನ ಜನ ಅವನಿಗೆ ಬುದ್ಧಿ ಕಲಿಸಿರುತ್ತಾರೆ.

ಉತ್ತರ: ಥೇಮ್ಸ್ ದಂಡೆ

ಲಂಡನ್ನಿನಲ್ಲಿ ಕೆಲಸದಲ್ಲಿರುವವನು, ಜಾಗಗಳ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಚಿತ್ರದ ಅಂಗಡಿಗೆ ಪ್ರೇರಣೆಯಾದದ್ದು ಬ್ಲೆನಿಮ್ ಕ್ರೆಸೆಂಟ್ ರಸ್ತೆಯಲ್ಲಿದ್ದ ಟ್ರಾವೆಲ್ ಬುಕ್‌ಶಾಪ್ ಎಂಬ ನಿಜವಾದ ಅಂಗಡಿ. ಅದು 2011ರಲ್ಲಿ ಮುಚ್ಚಿತು. ಚಿತ್ರೀಕರಣ ನಡೆದದ್ದು ಸ್ವಲ್ಪ ದೂರದ ಪೋರ್ಟೊಬೆಲೊ ರಸ್ತೆಯ 142ನೇ ಸಂಖ್ಯೆಯಲ್ಲಿ, ಈಗ ಅಲ್ಲಿ ನೆನಪಿನ ಕಾಣಿಕೆಗಳನ್ನು ಮಾರುತ್ತಾರೆ. ನೀಲಿ ಬಾಗಿಲಿನ ಮನೆ ಕರ್ಟಿಸ್ ಅವರದೇ ಆಗಿತ್ತು. ಚಿತ್ರ ಬಂದ ಮೇಲೆ ಆ ಬಾಗಿಲನ್ನೇ ಕಳಚಿ ಹರಾಜು ಹಾಕಲಾಯಿತು. ಛಾಯಾಗ್ರಾಹಕರ ಕಾಟದಿಂದ ತಪ್ಪಿಸಿಕೊಳ್ಳಲು ತಾರೆಯೊಬ್ಬಳು ಅಡಗಿಕೊಂಡ ಆ ಮನೆಯ ಮುಂದೆ ಇವತ್ತಿಗೂ ಜನ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ, ಒಳಗಿರುವವರು ಯಾರೋ ಸಾಮಾನ್ಯರು.

ಹಾಗೆಯೇ, ಈ ಚಿತ್ರದ ಮೇಲೆ ಆಗಲೇ ಬಂದ ಒಂದು ಆಕ್ಷೇಪವನ್ನು ಮರೆಯಬಾರದು. ನಾಟಿಂಗ್ ಹಿಲ್ ಎಂದರೆ ಕೆರಿಬಿಯನ್ ದ್ವೀಪಗಳಿಂದ ಬಂದು ನೆಲೆಸಿದವರ ಬಡಾವಣೆಯೂ ಹೌದು. 1958ರಲ್ಲಿ ಜನಾಂಗೀಯ ಗಲಭೆ ನಡೆದದ್ದು ಇಲ್ಲಿಯೇ, ಪ್ರತಿ ಆಗಸ್ಟ್ ಕೊನೆಯಲ್ಲಿ ಬೀದಿ ತುಂಬುವ ದೊಡ್ಡ ಕಾರ್ನಿವಲ್ ಅವರದೇ. ವಿಲಿಯಂನ ಗೆಳೆಯರ ಗುಂಪಿನಲ್ಲಾಗಲಿ ಅವನ ಬೀದಿಯಲ್ಲಾಗಲಿ ಅವರು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಯಾರನ್ನು ಸಾಮಾನ್ಯ ಮನುಷ್ಯ ಎಂದು ಎಣಿಸಲಾಗಿದೆ ಎಂಬ ಪ್ರಶ್ನೆ ನಿಮ್ಮ ಚರ್ಚೆಗೆ ಹೊರಗಿನದೇನಲ್ಲ.

ಮರುಪ್ರಶ್ನೆ: ಸಂಜೆಯಾಟ

ಎಲ್ಲರಿಗೂ ಧನ್ಯವಾದ. ಕಡೆಯ ಸಾಲು ಅವರು ತೋರಿಸಿದ ವೇಷಗಳ ಸರಣಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಪತ್ರಿಕಾಗೋಷ್ಠಿಯೇ ಸರಿಯಾದ ಜಾಗ ಎಂಬುದನ್ನು ಈಗ ಒಪ್ಪುತ್ತೇನೆ. ಆದರೆ ಜಾಗ ಸರಿಯಾದ ಮಾತ್ರಕ್ಕೆ ಫಲಿತಾಂಶವೂ ಸರಿಯಾಗಬೇಕೆಂದಿಲ್ಲವಲ್ಲ. ‘ರೋಮನ್ ಹಾಲಿಡೇ’ಯೂ ಅದೇ ಜಾಗಕ್ಕೆ ಬಂದು, ಅಲ್ಲಿ ಬೇರೆಯಾಗುವುದನ್ನು ಆರಿಸಿಕೊಂಡಿದೆ. ಒಂದೇ ರೀತಿಯ ಗೋಷ್ಠಿ ಒಂದು ಕಡೆ ಅಗಲಿಕೆಗೂ ಇನ್ನೊಂದು ಕಡೆ ಮದುವೆಗೂ ದಾರಿಯಾದದ್ದು ಹೇಗೆ?

ಉತ್ತರ: ಕಡೆಯ ಸಾಲು

ರಾಜಕುಮಾರಿಗೆ ರಾಜೀನಾಮೆ ಕೊಡಲು ಬರುವುದಿಲ್ಲ ಎಂಬುದು ಚಿಕ್ಕ ಉತ್ತರ. ತಾರೆಯ ಖ್ಯಾತಿ ಅವಳು ಗಳಿಸಿದ್ದು, ಆದ್ದರಿಂದ ಅದನ್ನು ಎಷ್ಟು ಹೊತ್ತುಕೊಳ್ಳಬೇಕೆಂದು ನಿರ್ಧರಿಸುವ ಸ್ವಲ್ಪವಾದರೂ ಸ್ವಾತಂತ್ರ್ಯ ಅವಳಿಗಿದೆ. ಹೊರಡುವ ದಿನವನ್ನು ರದ್ದು ಮಾಡಿದ್ದೇನೆ ಎಂದು ಆನಾ ಹೇಳಬಲ್ಲಳು, ನಾಳೆ ಬೇರೆ ಚಿತ್ರ ಒಪ್ಪಿಕೊಳ್ಳದಿರಬಲ್ಲಳು. ಹುಟ್ಟಿನಿಂದ ಬಂದ ಖ್ಯಾತಿಯಲ್ಲಿ ಆ ಬಾಗಿಲಿಲ್ಲ. ‘ರೋಮನ್ ಹಾಲಿಡೇ’ ತೆರೆಕಂಡ 1953ರಲ್ಲೇ, ಬ್ರಿಟನ್ನಿನ ರಾಣಿಯ ತಂಗಿ ರಾಜಕುಮಾರಿ ಮಾರ್ಗರೆಟ್ ಮತ್ತು ವಿಚ್ಛೇದನ ಪಡೆದಿದ್ದ ವಾಯುಪಡೆಯ ಅಧಿಕಾರಿ ಪೀಟರ್ ಟೌನ್‌ಸೆಂಡ್ ಅವರ ಸ್ನೇಹ ಪತ್ರಿಕೆಗಳಿಗೆ ಬಂತು. 1955ರ ಅಕ್ಟೋಬರ್ 31ರಂದು ಆಕೆ ಅವರನ್ನು ಮದುವೆಯಾಗುವುದಿಲ್ಲವೆಂದು ಪ್ರಕಟಣೆ ಹೊರಡಿಸಿದರು. ಆ ಕಾಲದ ಪ್ರೇಕ್ಷಕರು ಚಿತ್ರದ ಕೊನೆಯನ್ನು ಕೇವಲ ಕಲ್ಪನೆಯೆಂದು ನೋಡಿರಲಾರರು.

ಇನ್ನೊಂದು ಕಾರಣ ಹಣದ್ದು. ಜೋ ರಾಜಕುಮಾರಿಯ ಹಿಂದೆ ಸುತ್ತಿದ್ದು ಐದು ಸಾವಿರ ಡಾಲರಿನ ಸುದ್ದಿಗಾಗಿ. ಪ್ರೀತಿ ಹುಟ್ಟಿದ್ದು ಆ ವ್ಯಾಪಾರದ ಮಧ್ಯದಲ್ಲಿ. ಹೀಗಾಗಿ ಅವನು ಅವಳಿಗೆ ಕೊಡಬಹುದಾದ ಅತಿ ದೊಡ್ಡ ವಸ್ತುವೆಂದರೆ ಬರೆಯದೆ ಉಳಿಸಿದ ಸುದ್ದಿ. ಕೊನೆಯ ದೃಶ್ಯದಲ್ಲಿ ದೇಶದೇಶಗಳ ನಡುವಿನ ಸ್ನೇಹದ ಮೇಲೆ ತನಗೆ ನಂಬಿಕೆಯಿದೆ, ಮನುಷ್ಯರ ನಡುವಿನ ಸ್ನೇಹದ ಮೇಲಿರುವಂತೆಯೇ, ಎಂದು ಅವಳು ಹೇಳುತ್ತಾಳೆ. ಆ ನಂಬಿಕೆ ಹುಸಿಯಾಗದೆಂದು ಅವನು ತನ್ನ ಸಂಸ್ಥೆಯ ಪರವಾಗಿ ಉತ್ತರಿಸುತ್ತಾನೆ. ಇರ್ವಿಂಗ್ ತೆಗೆದ ಚಿತ್ರಗಳೆಲ್ಲ ಲಕೋಟೆಯಲ್ಲಿ ಅವಳ ಕೈ ಸೇರುತ್ತವೆ. ಅಲ್ಲಿ ಪ್ರೀತಿಯ ರುಜುವಾತು ಮೌನ. ಆನಾಳ ವಿಷಯದಲ್ಲಿ ಎಲ್ಲ ಗುಟ್ಟೂ ಆಗಲೇ ರಟ್ಟಾಗಿದೆ, ಮೌನದಿಂದ ಕಾಪಾಡುವುದಕ್ಕೆ ಏನೂ ಉಳಿದಿಲ್ಲ. ಬಹಿರಂಗವಾಗಿ ಮಾತಾಡುವುದೊಂದೇ ವಿಲಿಯಂಗೆ ಉಳಿದ ದಾರಿ.

ಇದೇ ಮಾತಿಗೆ ಹೊಂದುವ ಇನ್ನೊಂದು ಸಂಗತಿ: ‘ರೋಮನ್ ಹಾಲಿಡೇ’ಯ ಕತೆ ಬರೆದ ಡಾಲ್ಟನ್ ಟ್ರಂಬೊ ಅವರ ಹೆಸರೇ ಆಗ ತೆರೆಯ ಮೇಲೆ ಬರುವಂತಿರಲಿಲ್ಲ. ಕಮ್ಯುನಿಸ್ಟರೆಂಬ ಆರೋಪದ ಮೇಲೆ ಹಾಲಿವುಡ್ಡಿನ ಕಪ್ಪುಪಟ್ಟಿಗೆ ಸೇರಿದ್ದ ಅವರ ಬದಲು ಗೆಳೆಯ ಇಯಾನ್ ಮೆಕ್‌ಲೆಲನ್ ಹಂಟರ್ ಅವರ ಹೆಸರು ಬಂತು, ಆಸ್ಕರ್ ಪ್ರಶಸ್ತಿಯೂ ಆ ಹೆಸರಿಗೇ ಹೋಯಿತು. 1993ರಲ್ಲಿ, ಟ್ರಂಬೊ ತೀರಿಕೊಂಡು ಬಹಳ ವರ್ಷಗಳಾದ ಮೇಲೆ, ಪ್ರಶಸ್ತಿಯನ್ನು ಅವರ ಹೆಸರಿಗೆ ಕೊಡಲಾಯಿತು. ಹೆಸರು ಮುಚ್ಚಿಟ್ಟು ಓಡಾಡುವ ಇಬ್ಬರ ಕತೆಯನ್ನು ಬರೆದವರು ಹೆಸರು ಮುಚ್ಚಿಟ್ಟುಕೊಂಡೇ ಬದುಕಬೇಕಾಗಿದ್ದವರು.

ಉತ್ತರ: ತೆರೆಮರೆ

ಈ ವಿವರಣೆ ನನಗೆ ಬಹುಮಟ್ಟಿಗೆ ಒಪ್ಪಿಗೆ. ಆದರೂ ಸಂಜೆಯಾಟ ಅವರ ಮೂಲ ಅನುಮಾನಕ್ಕೆ ಒಂದು ಕಡೆ ಬಲವಿದೆ ಎನ್ನುತ್ತೇನೆ, ಅವರು ಹೇಳಿದ ಕಡೆಯಲ್ಲಲ್ಲ. ಪತ್ರಿಕಾಗೋಷ್ಠಿ ಮುಗಿದ ಮೇಲೆ ಚಿತ್ರ ಮದುವೆ, ಚಿತ್ರವೊಂದರ ಪ್ರದರ್ಶನಕ್ಕೆ ಇಬ್ಬರೂ ಕೆಂಪು ಹಾಸಿನ ಮೇಲೆ ನಡೆದುಬರುವುದು, ಉದ್ಯಾನದ ಬೆಂಚಿನ ಮೇಲೆ ಗರ್ಭಿಣಿ ಆನಾ ಮಲಗಿರುವುದು, ಇಷ್ಟನ್ನೂ ಹಾಡಿನ ಮೇಲೆ ಓಡಿಸಿಬಿಡುತ್ತದೆ. ಅಗಲಿಕೆಯ ತಿಂಗಳುಗಳಿಗಾದರೋ ಎಷ್ಟು ಅಕ್ಕರೆ ತೋರಿದ್ದಾರೆ ನೋಡಿ: ವಿಲಿಯಂ ಪೋರ್ಟೊಬೆಲೊ ಸಂತೆಯ ಉದ್ದಕ್ಕೂ ನಡೆಯುತ್ತಾನೆ, ಅವನು ನಡೆಯುತ್ತಿದ್ದಂತೆಯೇ ಬೇಸಿಗೆ ಮುಗಿದು ಮಳೆ ಬಂದು ಹಿಮ ಬಿದ್ದು ಮತ್ತೆ ಬಿಸಿಲಾಗುತ್ತದೆ, ಆರಂಭದಲ್ಲಿ ಬಸುರಿಯಾಗಿ ಕಂಡ ಹೆಂಗಸು ಕೊನೆಯಲ್ಲಿ ಕೂಸು ಎತ್ತಿಕೊಂಡಿರುತ್ತಾಳೆ. ನಿರ್ದೇಶಕ ರೋಜರ್ ಮಿಷೆಲ್ ಒಂದು ವರ್ಷದ ವಿರಹವನ್ನು ಒಂದೇ ನಡಿಗೆಯಲ್ಲಿ ಕಾಣಿಸಿದರು. ದಾಂಪತ್ಯದ ಒಂದು ವಾರವನ್ನಾದರೂ ಅಷ್ಟೇ ಶ್ರದ್ಧೆಯಿಂದ ಕಾಣಿಸಬಹುದಿತ್ತಲ್ಲವೇ? ಆ ಕೆಂಪು ಹಾಸಿನ ಮೇಲೆ ವಿಲಿಯಂ ಈಗ ಯಾರು? ವರದಿಗಾರನಲ್ಲ, ಊಟ ತರುವವನಲ್ಲ. ಛಾಯಾಚಿತ್ರದಲ್ಲಿ ಆನಾ ಸ್ಕಾಟ್‌ಳ ಪಕ್ಕದಲ್ಲಿರುವ ಗಂಡ. ಅವನ ಕಡತವೂ ಯಾವುದೋ ಕಚೇರಿಯಲ್ಲಿ ಆಗಲೇ ತೆರೆದಿರುತ್ತದೆ. ಆ ಕೆಲಸವನ್ನು ಅವನು ಹೇಗೆ ನಿಭಾಯಿಸಿದ, ಅಂಗಡಿಗೆ ಬಂದವರು ಪುಸ್ತಕ ಕೇಳುತ್ತಿದ್ದರೋ ಅವಳ ಹಸ್ತಾಕ್ಷರ ಕೇಳುತ್ತಿದ್ದರೋ, ಕರ್ಟಿಸ್ ಆ ಚಿತ್ರವನ್ನು ಬರೆದಿದ್ದರೆ ನಾನು ಮೊದಲ ದಿನವೇ ಹೋಗಿ ನೋಡುತ್ತಿದ್ದೆ.